96ರಿಂದ 128ಕ್ಕೆ: ವೇಗ ಬೇರೆಯಾದ ಹಾಡುಗಳನ್ನು ಬೆಸೆಯುವ ಬಗೆ

ಆರತಕ್ಷತೆಯ ದಿನ ಡಿಜೆ ಮೇಜಿನ ಬಳಿ ಬರುವ ಬೇಡಿಕೆಗಳಿಗೆ ವೇಗದ ಲೆಕ್ಕ ಇರುವುದಿಲ್ಲ. ಮದುಮಗನ ಗೆಳೆಯರಿಗೆ ಭಾಂಗ್ರಾ ಬೇಕು, ಮದುಮಗಳ ಚಿಕ್ಕಮ್ಮಂದಿರಿಗೆ ಎಸ್‌ಪಿಬಿ ಹಾಡು ಬೇಕು, ಕಾಲೇಜು ಹುಡುಗರಿಗೆ ಹೌಸ್ ಬೇಕು. ಹತ್ತು ನಿಮಿಷ ಕಳೆದರೆ ಎಲ್ಲರಿಗೂ ಸೇರಿ ತಮಟೆ ಏಟಿನ ಟಪ್ಪಾಂಗುಚ್ಚಿ ಬೇಕು. ಒಂದರ ವೇಗ ನಿಮಿಷಕ್ಕೆ 96 ಬೀಟ್, ಇನ್ನೊಂದರದು 128, ಮತ್ತೊಂದರದು 76. ರಾತ್ರಿಯಿಡೀ 124ರಿಂದ 128ರೊಳಗೇ ಓಡಾಡುವ ಕ್ಲಬ್ ಡಿಜೆಗೆ ಈ ತಾಪತ್ರಯವಿಲ್ಲ. ಮದುವೆ ಮನೆ, ಕಾಲೇಜು ಫೆಸ್ಟ್, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಹೊರದೇಶದ ಕನ್ನಡ ಕೂಟದ ದೀಪಾವಳಿ, ಇಂಥ ಕಡೆ ಹಾಡು ಹಾಕುವವರಿಗೆ ಮಾತ್ರ ಇದು ದಿನನಿತ್ಯದ ಕೆಲಸ.

ಎರಡು ಹಾಡುಗಳನ್ನು ಒಂದೇ ವೇಗಕ್ಕೆ ತಂದು ಬೆಸೆಯುವುದು ಈಗಾಗಲೇ ಬರುತ್ತದೆ, ಆದರೆ ಅಂತರ ದೊಡ್ಡದಾದ ಕೂಡಲೇ ಕೈ ತಡೆಯುತ್ತದೆ ಎನ್ನುವವರಿಗಾಗಿ ಈ ಬರಹ. ಇದರ ಸಾರ ಇಷ್ಟು: ವೇಗದ ಅಂತರ ದೊಡ್ಡದಿದ್ದರೆ ಹಾಡನ್ನು ಎಳೆದು ಹೊಂದಿಸಲು ಹೋಗಬೇಡಿ. ಬೀಟ್ ತೆಳುವಾಗುವ ಜಾಗ ಹುಡುಕಿ, ವೇಗವನ್ನು ಅಲ್ಲಿ ಬದಲಿಸಿ. ಹಳೆಯ ಬೀಟ್ ಇನ್ನೂ ಕೇಳುತ್ತಿರುವಾಗಲೇ ಹೊಸದು ಬಂದು ಅದಕ್ಕೆ ತಗುಲಿದರೆ ಕಿವಿಗೆ ಕಿರಿಕಿರಿ. ನಡುವೆ ಒಂದೆರಡು ಸೆಕೆಂಡ್ ಬೀಟೇ ಇಲ್ಲದಿದ್ದರೆ, ಕುಣಿಯುವವರ ಕಾಲು ಹೊಸ ವೇಗವನ್ನು ಹೊಸ ಹಾಡಿನ ಜೊತೆಗೇ ಒಪ್ಪಿಕೊಳ್ಳುತ್ತದೆ.

ಎಷ್ಟು ಎಳೆಯಬಹುದು?

ಮೊದಲು ಶೇಕಡಾ ಲೆಕ್ಕ ಕೈಗೆ ಹತ್ತಬೇಕು. 96ರ ಹಾಡನ್ನು 100ಕ್ಕೆ ಏರಿಸಿದರೆ ಶೇ 4ಕ್ಕಿಂತ ತುಸು ಹೆಚ್ಚು, ಏನೂ ತೊಂದರೆಯಿಲ್ಲ. 100ರದನ್ನು 128ಕ್ಕೆ ಏರಿಸಿದರೆ ಶೇ 28, ಗಾಯಕ ಓಡಿಬಂದು ಹಾಡಿದಂತಿರುತ್ತದೆ. ಡಿಜೆಗಳ ಅಚ್ಚುಮೆಚ್ಚಿನ ಟರ್ನ್‌ಟೇಬಲ್ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, 1979ರಲ್ಲಿ ಬಂದಾಗ ಅದರ ವೇಗದ ಸ್ಲೈಡರ್ ಮೇಲಕ್ಕೆ ಶೇ 8, ಕೆಳಕ್ಕೆ ಶೇ 8 ಮಾತ್ರ ಸರಿಯುತ್ತಿತ್ತು. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಈ ಮಿತಿಯನ್ನು 16ಕ್ಕೋ 50ಕ್ಕೋ ಹಿಗ್ಗಿಸಿಕೊಳ್ಳಬಹುದು. ಹಾಗಿದ್ದೂ ಆ 8 ಒಳ್ಳೆಯ ಬೇಲಿ. ಅದರೊಳಗೆ ಇದ್ದಷ್ಟು ಹೊತ್ತು ಹಾಡು ತನ್ನ ಚಹರೆ ಉಳಿಸಿಕೊಂಡಿರುತ್ತದೆ.

ವೇಗದ ಜೊತೆ ಶ್ರುತಿಯ ವಿಚಾರವೂ ಇದೆ. ಶ್ರುತಿಯನ್ನು ಹಿಡಿದಿಡದೆ ಹಾಡಿನ ವೇಗವನ್ನು ಸುಮಾರು ಶೇ 6ರಷ್ಟು ಹೆಚ್ಚಿಸಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಅದಕ್ಕಾಗಿಯೇ ಕೀ ಲಾಕ್ ಎಂಬ ಗುಂಡಿ ಇರುವುದು. ಕೆಲವು ಯಂತ್ರಗಳಲ್ಲಿ ಅದಕ್ಕೆ ಮಾಸ್ಟರ್ ಟೆಂಪೋ ಎಂಬ ಹೆಸರು. ಅದನ್ನು ಒತ್ತಿದ್ದರೆ ವೇಗ ಬದಲಾದರೂ ಶ್ರುತಿ ಕದಲದು. ಆದರೆ ಅದಕ್ಕೂ ಬೆಲೆಯಿದೆ. ಧ್ವನಿಯನ್ನು ಚೂರು ಚೂರು ಮಾಡಿ ಮತ್ತೆ ಜೋಡಿಸುವ ಕೆಲಸವಾದ್ದರಿಂದ, ಹೆಚ್ಚು ಎಳೆದಾಗ ಡ್ರಮ್ಮಿನ ಏಟು ಮಂಕಾಗುತ್ತದೆ, ಕಂಠಕ್ಕೆ ಲೋಹದ ಲೇಪ ಬಂದಂತಾಗುತ್ತದೆ. ಉಚಿತವಾಗಿ ಸಿಗುವ, ಹೆಸರಿನ ಕೊನೆಗೆ ಮೂರು ಎಕ್ಸ್ ಇರುವ 'ಮಿಕ್ಸ್' ಸಾಫ್ಟ್‌ವೇರಿನಲ್ಲಿ ಈ ಕೆಲಸಕ್ಕೆ ಸೌಂಡ್‌ಟಚ್, ರಬ್ಬರ್‌ಬ್ಯಾಂಡ್ ಎಂಬ ಆಯ್ಕೆಗಳಿವೆ. ಲ್ಯಾಪ್‌ಟಾಪ್ ತಾಳಿಕೊಳ್ಳುವುದಾದರೆ ರಬ್ಬರ್‌ಬ್ಯಾಂಡ್ ಇಟ್ಟುಕೊಳ್ಳಿ, ಧ್ವನಿ ಎದ್ದುಕಾಣುವಷ್ಟು ಸ್ವಚ್ಛ.

ವಾದ್ಯವಷ್ಟೇ ಇರುವ ಹೌಸ್ ಟ್ರ್ಯಾಕನ್ನು ಶೇ 8 ಎಳೆದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಎಸ್‌ಪಿಬಿ, ಎಸ್. ಜಾನಕಿ, ಡಾ. ರಾಜ್‌ಕುಮಾರ್ ಹಾಡಿದ್ದರೆ ನಾನು ಶೇ 3 ದಾಟುವುದಿಲ್ಲ. ಆ ಹಾಡುಗಳು ಎಲ್ಲಿ ಉಸಿರೆಳೆದುಕೊಳ್ಳುತ್ತವೆ ಎಂಬುದೂ ಕೇಳುವವರಿಗೆ ಬಾಯಿಪಾಠ. ಅವನ್ನು ಹಿಗ್ಗಿಸಿ ಕುಗ್ಗಿಸುವ ಹಕ್ಕು ನಮಗಿಲ್ಲ ಎಂದೇ ನಾನು ನಂಬಿದ್ದೇನೆ.

ಸಿಂಕ್ ಗುಂಡಿಯ ಬಗ್ಗೆಯೂ ಇಲ್ಲೇ ಎಚ್ಚರಿಕೆ. ಒಂದು ಡೆಕ್ಕಿನಲ್ಲಿ 98ರ ಭಾಂಗ್ರಾ ಓಡುತ್ತಿರುವಾಗ ಇನ್ನೊಂದರಲ್ಲಿ 126ರ ಹೌಸ್ ಹಾಕಿ ಸಿಂಕ್ ಒತ್ತಿದರೆ, ಸಾಫ್ಟ್‌ವೇರ್ ಹೇಳಿದ್ದನ್ನು ಮಾಡಿಬಿಡುತ್ತದೆ: ಹೌಸ್ ಹಾಡು ಶೇ 22ರಷ್ಟು ನಿಧಾನವಾಗಿ ತೂಕಡಿಸುತ್ತ ಬರುತ್ತದೆ. ಅಂತರ ದೊಡ್ಡದಿದ್ದಾಗ ಮಾಡಬೇಕಾದ ಮೊದಲ ಕೆಲಸವೇ ಬರುವ ಡೆಕ್ಕಿನ ಸಿಂಕ್ ಆಫ್ ಮಾಡುವುದು, ಆಮೇಲೆ ಅದರ ವೇಗ ಶೂನ್ಯದಲ್ಲಿದೆಯೇ ಎಂದು ನೋಡುವುದು.

ಒಂದನೇ ಕಾಲ, ಎರಡನೇ ಕಾಲ

ಸಂಗೀತ ಪಾಠಕ್ಕೆ ಹೋದವರಿಗೆ ಸರಳೆ ವರಸೆ ನೆನಪಿರುತ್ತದೆ. ಕೈಯ ತಾಳ ಬದಲಾಗದು, ಎರಡನೇ ಕಾಲದಲ್ಲಿ ಅದೇ ತಾಳದೊಳಗೆ ಸ್ವರಗಳು ಎರಡರಷ್ಟು ಕೂರುತ್ತವೆ. ಡಿಜೆಗೆ ಸಿಗುವ ಅತ್ಯಂತ ಸುಲಭದ ಸೇತುವೆ ಇದೇ. 70ರ ಹಿಪ್‌ಹಾಪ್, 140ರ ಡಬ್‌ಸ್ಟೆಪ್ ಅಂಕಿಯಲ್ಲಿ ದೂರ, ಲಯದಲ್ಲಿ ಅಕ್ಕಪಕ್ಕ. 87ರ ಹಾಡು 174ರ ಡ್ರಮ್ ಆಂಡ್ ಬೇಸ್ ಜೊತೆ ಒಂದಿಷ್ಟೂ ಎಳೆಯದೆ ಕೂರುತ್ತದೆ. ಹಲವು ಸಾಫ್ಟ್‌ವೇರ್‌ಗಳಲ್ಲಿ ಸಿಂಕ್ ಒತ್ತಿದರೆ ಅರ್ಧ ಅಥವಾ ಎರಡರಷ್ಟು ವೇಗ ಹತ್ತಿರವಿದ್ದಲ್ಲಿ ಅದನ್ನೇ ಆರಿಸಿಕೊಳ್ಳುತ್ತದೆ.

ಇಲ್ಲಿ ಕಣ್ಣಿಡಬೇಕಾದ್ದು ಬೇಸ್ ಡ್ರಮ್ ಮೇಲೆ. 87ರ ಹಾಡಿನ ಡ್ರಮ್, 174ರ ಹಾಡಿನ ಡ್ರಮ್ ಎರಡನ್ನೂ ಪೂರ್ತಿ ತೆರೆದಿಟ್ಟರೆ ಗದ್ದಲ. ಬರುವ ಹಾಡಿನ ಲೋ ಗುಂಡಿಯನ್ನು ಪೂರ್ತಿ ಇಳಿಸಿ, ಅದರ ಹೈ ಹ್ಯಾಟ್ ಮಾತ್ರ ಎಂಟು ಬಾರ್ ಕೇಳುವಂತೆ ಬಿಡಿ. ಜನರ ಕಿವಿ ಎರಡನೇ ಕಾಲಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಒಂದೇ ಬೀಟಿನಲ್ಲಿ ಹಳೆಯದರ ಲೋ ಇಳಿಸಿ, ಹೊಸದರದ್ದು ಏರಿಸಿ.

ತಿಶ್ರದ ಹಾಡುಗಳು

ಕನ್ನಡ ಹಾಡು ಹಾಕುವವರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಹೊರದೇಶದವರು ಬರೆದ ಡಿಜೆ ಪಾಠಗಳಲ್ಲಿ ಇದರ ಸುದ್ದಿ ಅಪರೂಪ. ಹೌಸ್, ಟೆಕ್ನೋ, ಹಿಪ್‌ಹಾಪ್ ಎಲ್ಲವೂ ಬಹುಪಾಲು ಚತುರಶ್ರ ನಡೆಯವು. ಒಂದು ಬೀಟಿನೊಳಗೆ ನಾಲ್ಕು ಸಣ್ಣ ಏಟು, ತಕಧಿಮಿ. ನಮ್ಮ ತಮಟೆ ಏಟಿನ ಕುಣಿತದ ಹಾಡುಗಳು, ಜನಪದದ ಧಾಟಿಯವು, ಎಷ್ಟೋ ಸಿನಿಮಾ ಹಾಡುಗಳು ತಿಶ್ರದವು. ಒಂದು ಬೀಟಿನೊಳಗೆ ಮೂರು ಏಟು, ತಕಿಟ ತಕಿಟ. ಸಾಫ್ಟ್‌ವೇರ್ ಎಡವುವುದು ಇಲ್ಲೇ. ನಿಜಕ್ಕೂ 128ರ ವೇಗದಲ್ಲಿ ಕಾಲು ಹಾಕುವ ತಿಶ್ರದ ಹಾಡನ್ನು ಅದು 192 ಎಂದೋ 96 ಎಂದೋ ತೋರಿಸಬಹುದು. ಒಳಗಿನ ಸಣ್ಣ ಏಟುಗಳನ್ನು ಮೂರರ ಬದಲು ಎರಡರ, ನಾಲ್ಕರ ಗುಂಪಾಗಿ ಎಣಿಸಿದ್ದರ ಫಲ.

ಗುರುತಿಸುವುದು ಸುಲಭ. ಹಾಡಿಗೆ ನೀವೇ ಕಾಲು ತಟ್ಟಿ ನೋಡಿ, ಪರದೆಯ ಮೇಲಿನ ಬೀಟ್ ಗೆರೆ ಕಾಲಿನ ಜೊತೆ ಬಾರದಿದ್ದರೆ ಅಂಕಿ ತಪ್ಪು. 'ಮಿಕ್ಸ್' ಸಾಫ್ಟ್‌ವೇರಿನಲ್ಲಿ ಹಾಡಿನ ಮೇಲೆ ಬಲಕ್ಲಿಕ್ ಮಾಡಿದರೆ ಬಿಪಿಎಂ ಸರಿಪಡಿಸುವ ಪಟ್ಟಿ ತೆರೆಯುತ್ತದೆ. ಎರಡರಷ್ಟು, ಅರ್ಧ ಎಂಬವುಗಳ ಜೊತೆಗೆ 2/3, 3/4, 4/3, 3/2 ಎಂಬ ಆಯ್ಕೆಗಳೂ ಅಲ್ಲಿವೆ. 96 ಎಂದು ತಪ್ಪಾಗಿ ಓದಿದ ತಿಶ್ರದ ಹಾಡಿಗೆ 4/3 ಒತ್ತಿದರೆ 128 ಬರುತ್ತದೆ. ಸರಿಪಡಿಸಿದ ಮೇಲೆ ಬಿಪಿಎಂ ಲಾಕ್ ಮಾಡಿಡಿ, ಇಲ್ಲವಾದರೆ ಮುಂದಿನ ಸಲ ವಿಶ್ಲೇಷಣೆ ಓಡಿಸಿದಾಗ ಶ್ರಮ ವ್ಯರ್ಥ.

ಆದರೆ ಆ ತಪ್ಪು ಓದಿನೊಳಗೇ ಒಳ್ಳೆಯ ಉಪಾಯವೊಂದಿದೆ. 128ರ ತಿಶ್ರದಲ್ಲಿ ನಿಮಿಷಕ್ಕೆ 384 ಸಣ್ಣ ಏಟು. 96ರ ಚತುರಶ್ರದಲ್ಲೂ ನಿಮಿಷಕ್ಕೆ 384 ಸಣ್ಣ ಏಟು. ಒಳಗಿನ ನಾಡಿ ಒಂದೇ, ಗುಂಪು ಕಟ್ಟುವ ರೀತಿ ಬೇರೆ. ಹಾಗಾಗಿ 128ರ ತಮಟೆ ಹಾಡಿನಿಂದ 96ರ ಭಾಂಗ್ರಾಕ್ಕೆ ಇಳಿಯಬೇಕೆಂದರೆ, ಆ ಹಾಡಿನ ಗ್ರಿಡ್ಡನ್ನು ಬೇಕೆಂದೇ 96ರಲ್ಲಿ ಉಳಿಸಿಕೊಳ್ಳಿ. ತಮಟೆಯೊಂದೇ ನುಡಿಯುವ ಜಾಗದಲ್ಲಿ ಕಾಲು ಬೀಟಿನ ಲೂಪ್ ಹಾಕಿ. ಗ್ರಿಡ್ 96ರಲ್ಲಿರುವುದರಿಂದ ಆ ಕಾಲು ಬೀಟ್ ಸರಿಯಾಗಿ ಒಂದು ಸಣ್ಣ ಏಟಿನಷ್ಟು ಉದ್ದವಿರುತ್ತದೆ. ತಕಿಟ ತಕಿಟ ಎನ್ನುತ್ತಿದ್ದದ್ದು ತ-ತ-ತ-ತ ಎಂಬ ಒಂದೇ ಸಮನಾದ ಏಟಾಗುತ್ತದೆ. ಅದು ಮೂರರದ್ದೋ ನಾಲ್ಕರದ್ದೋ ಎಂದು ಹೇಳಲು ಕಿವಿಗೆ ಯಾವ ಆಧಾರವೂ ಉಳಿಯುವುದಿಲ್ಲ. ಆ ಕ್ಷಣದಲ್ಲಿ 96ರ ಭಾಂಗ್ರಾದ ಢೋಲ್ ಒಳಗೆ ಬಂದರೆ ಅದೇ ಏಟುಗಳು ನಾಲ್ಕರ ಗುಂಪಾಗಿ ಕೇಳಲು ಶುರುವಾಗುತ್ತವೆ. ಲೂಪನ್ನು ಎರಡು ಬಾರ್‌ಗಿಂತ ಹೆಚ್ಚು ಹೊತ್ತು ಇಡಬೇಡಿ, ಏಟು ಯಂತ್ರದ ಸದ್ದಾಗಿಬಿಡುತ್ತದೆ. ಹೊಸ ಹಾಡು ಅದರ ಸಮದಲ್ಲೇ ಬರಬೇಕು, ಒಂದು ಬೀಟ್ ಆಚೀಚೆಯಾದರೂ ಮಾಯೆ ಹರಿಯುತ್ತದೆ. ವೇಗ ಬದಲಿಸುವ ಎಲ್ಲ ವಿಧಾನಗಳಲ್ಲೂ ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಇದರಲ್ಲಿ ಯಾವ ಹಾಡನ್ನೂ ಎಳೆದಿರುವುದಿಲ್ಲ.

98ರಿಂದ 126ಕ್ಕೆ, ಎಕೋ ಹಿಡಿದು

ಅರ್ಧವೂ ಅಲ್ಲ, ಎರಡರಷ್ಟೂ ಅಲ್ಲ, ನಾಡಿಯೂ ಒಂದಲ್ಲ. ಮೊದಲ ಹಾಡು 98ರ ಭಾಂಗ್ರಾ, ಮುಂದಿನದು 126ರ ಹೌಸ್. ಇಂಥಲ್ಲಿ ಎಕೋ ಎಫೆಕ್ಟ್ ಕೈಬಿಡುವುದಿಲ್ಲ. ನಿಧಾನವಾಗಿ ನೋಡೋಣ.

ಮುಂದಿನ ಹಾಡಿನಲ್ಲಿ ಎಲ್ಲಿಂದ ಶುರುವಾಗಬೇಕೆಂದು ಮೊದಲೇ ಹಾಟ್ ಕ್ಯೂ ಇಟ್ಟಿರಬೇಕು. ಬೀಟ್ ಪೂರ್ತಿ ಬಲದಿಂದ ಬೀಳುವ ಜಾಗ, ಅಥವಾ ಅದಕ್ಕೆ ಮುಂಚಿನ, ಕಂಠ ಮಾತ್ರ ಇರುವ ನಾಲ್ಕು ಬೀಟ್. ನನ್ನ ಆಯ್ಕೆ ಎರಡನೆಯದು, ಜನರಿಗೆ ಹಾಡು ಗುರುತು ಹಿಡಿಯಲು ಸಮಯ ಸಿಗುತ್ತದೆ. ಎಕೋವನ್ನು ಮೊದಲ ಡೆಕ್ಕಿಗೆ ಮಾತ್ರ ಜೋಡಿಸಿ, ಅದರ ಅವಧಿ ಅರ್ಧ ಬೀಟ್, ಫೀಡ್‌ಬ್ಯಾಕ್ ನಡುವಿಗಿಂತ ತುಸು ಮೇಲೆ, ಮಿಶ್ರಣದ ಗುಂಡಿ ಪೂರ್ತಿ ಕೆಳಗೆ. ಹಾಡು ಪಲ್ಲವಿಯ ಕೊನೆಯ ಸಾಲಿಗೆ ಬರಲಿ. ಬಹುಪಾಲು ಕುಣಿತದ ಹಾಡುಗಳಲ್ಲಿ 32 ಬೀಟಿಗೊಮ್ಮೆ ಸಾಲು ಮುಗಿದು ಹೊಸದು ಶುರುವಾಗುತ್ತದೆ. ಆ 32ರ ಕೊನೆಯ ನಾಲ್ಕು ಬೀಟಿನಲ್ಲಿ ಲೋ ಗುಂಡಿ ಇಳಿಸಿ, ಎಕೋದ ಮಿಶ್ರಣ ಏರಿಸುತ್ತ ಹೋಗಿ. ಸಾಲಿನ ಕೊನೆಯ ಪದ ಬಾಯಿಂದ ಹೊರಬಿದ್ದ ಕೂಡಲೇ ವಾಲ್ಯೂಮ್ ಫೇಡರ್ ಕೆಳಗೆ. ಹಾಡು ನಿಂತಿರುತ್ತದೆ, ಆ ಪದ ಮಾತ್ರ ಮಸುಕಾಗುತ್ತ ಮಸುಕಾಗುತ್ತ ಮರುಕಳಿಸುತ್ತಿರುತ್ತದೆ. 98ರ ವೇಗದಲ್ಲಿ ಅರ್ಧ ಬೀಟೆಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ, ಹಾಗಾಗಿ ನಾಲ್ಕೈದು ಮರುಕಳಿಕೆಗೆ ಒಂದೂವರೆ ಸೆಕೆಂಡ್ ಸಾಕು. ಆ ಬಾಲ ತೆಳುವಾಗುತ್ತಿರುವಾಗಲೇ ಎರಡನೇ ಡೆಕ್ಕಿನ ಹಾಟ್ ಕ್ಯೂ ಒತ್ತಿ.

ಫೇಡರ್ ಇಳಿಸಿದ ಮೇಲೂ ಎಕೋದ ಬಾಲ ಉಳಿಯುತ್ತದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ. ಸಾಫ್ಟ್‌ವೇರ್, ಮಿಕ್ಸರ್ ಜೋಡಣೆಗೆ ತಕ್ಕಂತೆ ಕೆಲವು ಕಡೆ ಫೇಡರ್ ಜೊತೆಗೇ ಬಾಲವೂ ಕತ್ತರಿಸಿಹೋಗುತ್ತದೆ. ಹಾಗಿದ್ದಲ್ಲಿ ಫೇಡರ್ ಮುಟ್ಟದೆ, ಎಕೋ ಪೂರ್ತಿ ಏರಿಸಿದ ಮೇಲೆ ಡೆಕ್ಕಿನ ಪ್ಲೇ ಗುಂಡಿಯನ್ನೇ ಒತ್ತಿ ಹಾಡು ನಿಲ್ಲಿಸಿ ನೋಡಿ.

ಇದೇ ತತ್ವದ ಸೋದರ ವಿಧಾನಗಳು ಇನ್ನೂ ಇವೆ. ನಾಲ್ಕು ಬೀಟಿನ ಲೂಪ್ ಹಾಕಿ ಅದನ್ನು ಎರಡು, ಒಂದು, ಅರ್ಧ, ಕಾಲು ಎಂದು ಕಿರಿದಾಗಿಸುತ್ತ ಹೋದರೆ ಬೀಟ್ ಕರಗಿ ಉರುಳು ಸದ್ದಾಗುತ್ತದೆ. ಅದರ ತುದಿಯಲ್ಲಿ ಹೊಸ ಹಾಡು ಬೀಳಿಸಬಹುದು. ವೇಗದ ಮಿತಿಯನ್ನು ಶೇ 16ಕ್ಕೆ ಹಿಗ್ಗಿಸಿಕೊಂಡಿದ್ದರೆ ಲೂಪ್ ಓಡುತ್ತಿರುವಾಗಲೇ 98ನ್ನು 113ರವರೆಗೆ ಏರಿಸಬಹುದು. ಕಂಠವಿಲ್ಲದ, ಬರೀ ಡ್ರಮ್ ಇರುವ ಲೂಪ್ ಆದರೆ ಮಾತ್ರ ಹೀಗೆ ಮಾಡಿ. ಹಾಡಿನ ನಡುವೆ ಡ್ರಮ್ ನಿಂತು ಕೀಬೋರ್ಡೋ ಕೊಳಲೋ ಮಾತ್ರ ಉಳಿಯುವ ಜಾಗವಿದ್ದರಂತೂ ಎಫೆಕ್ಟೇ ಬೇಡ, ಅಲ್ಲಿ ಸ್ಲೈಡರ್ ಸರಿಸಿದರೆ ಯಾರಿಗೂ ತಿಳಿಯದು. ಸೆರಾಟೊ, ವರ್ಚುವಲ್ ಡಿಜೆಯಂಥ ಸಾಫ್ಟ್‌ವೇರ್‌ಗಳು ಈಗ ಹಾಡಿನ ಕಂಠ, ಡ್ರಮ್, ಬೇಸ್ ಇವನ್ನು ಆ ಕ್ಷಣದಲ್ಲೇ ಬಿಡಿಸಿಕೊಡುತ್ತವೆ. ಡ್ರಮ್ ಅಡಗಿಸಿ ಕಂಠ ಮಾತ್ರ ಉಳಿಸಿಕೊಂಡರೆ, ಬೀಟಿಲ್ಲದ ಜಾಗವನ್ನು ನೀವೇ ಎಲ್ಲಿ ಬೇಕಾದರೂ ಮಾಡಿಕೊಂಡಂತೆ.

ಬರೀ ಕತ್ತರಿಸಿ ಹಾಕುವುದನ್ನೂ ಕೀಳಾಗಿ ಕಾಣಬೇಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಾಡು ಹಾಕಿ ಹಿಪ್‌ಹಾಪ್‌ಗೆ ನಾಂದಿಯಿಟ್ಟ ಡಿಜೆ ಕೂಲ್ ಹರ್ಕ್, ಒಂದು ತಟ್ಟೆಯ ಡ್ರಮ್ ಭಾಗದಿಂದ ಇನ್ನೊಂದರದ್ದಕ್ಕೆ ಹಾರುವುದನ್ನೇ ತಮ್ಮ ಶೈಲಿ ಮಾಡಿಕೊಂಡವರು. ಬೀಟಿಗೆ ಬೀಟ್ ಕೂರಿಸುವ ನಿಖರತೆಯನ್ನು ಆ ಪರಂಪರೆಗೆ ತಂದವರು ಆಮೇಲೆ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಸಾಲು ಮುಗಿದ ಕಡೆ, ಸಮದ ಮೇಲೆ, ಎಲ್ಲರಿಗೂ ಗೊತ್ತಿರುವ ಹಾಡಿನ ಮೊದಲ ಏಟು ಬಿದ್ದರೆ ಜನ ಕೇಕೆ ಹಾಕುತ್ತಾರೆ. ಅಲ್ಲಿ ಹದಿನಾರು ಬಾರ್ ಉದ್ದದ ಬೆಸುಗೆ ಯಾರಿಗೂ ಬೇಕಿಲ್ಲ.

ಹಳೆಯ ಹಾಡುಗಳ ಲಯ

ರಾಜನ್–ನಾಗೇಂದ್ರ ಅವರ ಕಾಲದ ಹಾಡುಗಳನ್ನು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿ ಮುದ್ರಿಸುತ್ತಿದ್ದರು. ಲಯ ಮನುಷ್ಯರ ಕೈಯಲ್ಲಿತ್ತು, ಚರಣಕ್ಕೆ ಬರುವಾಗ ತುಸು ಮುಂದೋಡಿ ಪಲ್ಲವಿಗೆ ಮರಳುವಾಗ ನೆಲೆನಿಲ್ಲುವುದು ಸಹಜ. ಒಂದೇ ವೇಗವೆಂದು ಭಾವಿಸಿ ಎಳೆದ ಬೀಟ್ ಗೆರೆಗಳು ಎರಡನೇ ನಿಮಿಷದ ಹೊತ್ತಿಗೆ ಹಾಡಿನಿಂದ ಕಳಚಿಕೊಂಡಿರುತ್ತವೆ. ರೆಕಾರ್ಡ್‌ಬಾಕ್ಸ್‌ನಲ್ಲಿ ಇಂಥ ಹಾಡುಗಳಿಗೆ ಡೈನಮಿಕ್ ವಿಶ್ಲೇಷಣೆ ಎಂಬ ಆಯ್ಕೆಯಿದೆ. 'ಮಿಕ್ಸ್' ಬಳಸುವವರು ಸೆಟ್ಟಿಂಗ್‌ನಲ್ಲಿ ವೇಗ ಸ್ಥಿರ ಎಂದು ಭಾವಿಸುವ ಗುರುತು ತೆಗೆದು ಮತ್ತೆ ವಿಶ್ಲೇಷಿಸಬೇಕು. ಅಷ್ಟಾದರೂ ನಾನು ಇವುಗಳಿಗೆ ಸಿಂಕ್ ಬಳಸುವುದಿಲ್ಲ. ಮುಂಗೀತದ ಮೊದಲ ಬೀಟಿಗೊಂದು ಹಾಟ್ ಕ್ಯೂ, ಹೊರಬರಲು ಪಲ್ಲವಿಯ ಕೊನೆಯಲ್ಲೊಂದು ಗುರುತು, ಎರಡೂ ಕಡೆ ಎಕೋ ಅಥವಾ ಕತ್ತರಿ. ಹಾಡು ತನ್ನ ಲಯದಲ್ಲಿ ತಾನಿರಲಿ.

ಏರುವ ಏಣಿ, ಇಳಿಯುವ ದಾರಿ

ಇಷ್ಟೆಲ್ಲ ಉಪಾಯ ಗೊತ್ತಿದ್ದರೂ ಹಾಡಿಗೊಂದು ಎಕೋ ಹಾಕುತ್ತ ಹೋದರೆ ಅರ್ಧ ಗಂಟೆಯಲ್ಲಿ ಜನರಿಗೆ ಅದು ತಿಳಿದುಬಿಡುತ್ತದೆ. ಆದ್ದರಿಂದ ಸಂಗ್ರಹವನ್ನು ಭಾಷೆ, ಸಿನಿಮಾ ಎಂದಷ್ಟೇ ಅಲ್ಲ, ವೇಗದ ಮೇಲೂ ವಿಂಗಡಿಸಿಡಿ. 96, 100, 104 ಹೀಗೆ ನಾಲ್ಕು ನಾಲ್ಕು ಏರಿದರೆ 128ಕ್ಕೆ ಎಂಟು ಹೆಜ್ಜೆ. ಪ್ರತಿ ಹೆಜ್ಜೆಯೂ ಶೇ 3ರಿಂದ 4ರ ಆಸುಪಾಸಿನದು, ಕೀ ಲಾಕ್ ಹಾಕಿ ಸಿಂಕ್‌ನಲ್ಲೇ ಬೆಸೆಯಬಹುದು. ಬೆಸುಗೆ ಮುಗಿದ ಮೇಲೆ ಹೊಸ ಹಾಡನ್ನು ಅದರ ಸ್ವಂತ ವೇಗಕ್ಕೆ ಮೆಲ್ಲನೆ ಮರಳಿಸುವುದನ್ನು ಮರೆಯಬೇಡಿ, ಅದೇ ಮುಂದಿನ ಮೆಟ್ಟಿಲು. ಹಾಡಿಗೆ ಎರಡೂವರೆ ನಿಮಿಷ ಕೊಟ್ಟರೆ ಇಪ್ಪತ್ತು ನಿಮಿಷದ ಏರು. ಇದರಲ್ಲಿ 108ರಿಂದ 118ರವರೆಗಿನ ನಡು ಮೆಟ್ಟಿಲುಗಳಿಗೆ ಒಳ್ಳೆಯ ಹಾಡು ಸಿಗುವುದು ಕಷ್ಟ, ಸಿಕ್ಕವನ್ನು ಬೇರೆ ಪಟ್ಟಿಯಲ್ಲಿ ಜೋಪಾನವಾಗಿಡಿ.

ನಿಜವಾಗಿ ಕಷ್ಟ ಇಳಿಯುವುದು. ಮೈ ಕಾದಿರುವ ಜನಕ್ಕೆ 120, 112, 104 ಎಂದು ಮೆಟ್ಟಿಲಿಳಿಸಿದರೆ ಪ್ರತಿ ಹಾಡೂ ಹಿಂದಿನದಕ್ಕಿಂತ ಸಪ್ಪೆ ಅನ್ನಿಸಿ ಅಂಗಳ ಖಾಲಿಯಾಗುತ್ತದೆ. ಇಳಿಯುವುದಾದರೆ ಒಂದೇ ಸಲಕ್ಕೆ ಇಳಿಯಿರಿ. ವಧೂವರರ ನೃತ್ಯಕ್ಕೆ ನಿಧಾನದ ಹಾಡು ಬೇಕಿದ್ದರೆ 64–66ರ ವೇಗದ್ದನ್ನು ಆರಿಸಿಕೊಂಡಿರಿ, ಅದು ಸರಿಸುಮಾರು 128ರ ಅರ್ಧ. ಹೌಸ್ ಹಾಡಿನ ಬೀಟ್ ನಿಂತ ಜಾಗದಲ್ಲಿ ಅದು ಮೆಲ್ಲನೆ ಒಳಗೆ ಬರಬಹುದು. ಮದುವೆ ಮನೆಯಲ್ಲಿ ನಿರೂಪಕರ ಮೈಕ್ ಇದ್ದೇ ಇರುತ್ತದೆ. ಮೊದಲೇ ಮಾತಾಡಿಕೊಂಡು, ಅವರು ವಧೂವರರನ್ನು ಕರೆಯುವ ಹತ್ತು ಸೆಕೆಂಡಿನಲ್ಲಿ ಸಂಗೀತ ತಗ್ಗಿಸಿ ವೇಗ ಬದಲಿಸಿದರೆ ಅದಕ್ಕಿಂತ ಸ್ವಚ್ಛವಾದ ದಾರಿ ಇನ್ನೊಂದಿಲ್ಲ. ಬಯಲಿನಲ್ಲಿ ನಡೆಯುವ ಕಾರ್ಯಕ್ರಮವಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬುದು ನಿಯಮ, ಆದ್ದರಿಂದ ಈ ಇಳಿತವನ್ನು 9ರ ಆಸುಪಾಸಿಗೇ ಮುಗಿಸಿ, ಕೊನೆಯ ಮುಕ್ಕಾಲು ಗಂಟೆಯನ್ನು ಮತ್ತೆ ಏರುವುದಕ್ಕೆ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ನಿಮ್ಮ ಸಂಗ್ರಹದಿಂದ ವೇಗ ದೂರವಿರುವ ಹಾಡುಗಳ ಒಂದಷ್ಟು ಜೋಡಿ ಆರಿಸಿ. ಪ್ರತಿ ಜೋಡಿಯನ್ನೂ ಎಕೋ, ಲೂಪ್, ಕತ್ತರಿ ಮೂರರಲ್ಲೂ ಬೆಸೆದು ಸಾಫ್ಟ್‌ವೇರಿನಲ್ಲೇ ರೆಕಾರ್ಡ್ ಮಾಡಿ. ಮರುದಿನ ಪರದೆ ನೋಡದೆ, ನಡೆಯುತ್ತಲೋ ಪಾತ್ರೆ ತೊಳೆಯುತ್ತಲೋ ಕೇಳಿ. ಹೆಜ್ಜೆಯೋ ಕೈಯೋ ಎಲ್ಲಿ ತಡವರಿಸಿತು ಎಂಬುದನ್ನು ಬರೆದಿಟ್ಟುಕೊಂಡು, ಗೆದ್ದ ವಿಧಾನದ ಹೆಸರನ್ನು ಆ ಹಾಡಿನ ಟಿಪ್ಪಣಿ ಅಂಕಣದಲ್ಲಿ ಸೇರಿಸಿ. ಬೇಡಿಕೆ ಬಂದ ಗಳಿಗೆಯಲ್ಲಿ ಹುಡುಕಾಡದೆ ಅದು ಕಣ್ಣಿಗೆ ಬೀಳುತ್ತದೆ.